ಹಿಂದಿನ ಸೀಟಿನ ಥರ್ಡ್ ಪಾರ್ಟಿ

ಅಣ್ಣಯ್ಯಪ್ಪನ ಬಲಗಾಲು ಜಾಕಿನ ಮೇಲಿತ್ತು. ಜಾಕಿನ ಮೇಲೆ ಅವನ ಅಂಬಾಸಡರ್ ಕಾರು. ಕಾರಿನ ಕೆಳಗೆ, ತಲೆಯಿಂದ ಎದೆಯವರೆಗೂ ಒಳಗೆ ಹೋಗಿ, ಡ್ರೈವರ್ ಬೀರಯ್ಯ ಅಂಗಾತ ಬಿದ್ದಿದ್ದ.

"ಒಪ್ಕೊತೀಯೇನ್ಲಾ, ಇಲ್ಲ ಒದೀಲಾ?"

ಬೀರಯ್ಯನ ಬಾಯಿಂದ ಮಾತು ಬರಲಿಲ್ಲ, ರಕ್ತ ಬಂತು. ಮುಂದಿನ ಹಲ್ಲುಗಳು ಗ್ಯಾರೇಜಿನ ಎಣ್ಣೆಮಣ್ಣಿನಲ್ಲಿ ಬಿದ್ದಿದ್ದವು. ವ್ಹೀಲ್ ಸ್ಪ್ಯಾನರಿನ ಒಂದೇ ಏಟು. ಆಮೇಲೆ ಕೂದಲು ಹಿಡಿದು ದರದರ ಎಳಕೊಂಡು ಹೋಗಿ, ಮುಂದಿನ ಚಕ್ರ ಬಿಚ್ಚಿಟ್ಟಿದ್ದ ಕಾರಿನಡಿಗೆ ಕಾಲಿನಲ್ಲಿ ತಳ್ಳಿದ. ನಾನು "ಏಯ್" ಅನ್ನುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಮಟಮಟ ಮಧ್ಯಾಹ್ನ. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ ಆಂಜನಪ್ಪನ ತಗಡಿನ ಗ್ಯಾರೇಜು. ಆಂಜನಪ್ಪನನ್ನು ನಾನೇ ಪೊಲೀಸ್ ಸ್ಟೇಷನ್ನಿಗೆ ಓಡಿಸಿದ್ದೆ. ಹೊರಗೆ ಹತ್ತು ಜನ ಸೇರಿದ್ದರು, ಒಳಗೆ ಬರೋ ಗಂಡಸು ಒಬ್ಬನೂ ಇರಲಿಲ್ಲ. ಅಣ್ಣಯ್ಯಪ್ಪನ ಕೈಲಿ ಸ್ಪ್ಯಾನರ್ ಇದೆ, ಊರಲ್ಲಿ ತೋಟ ಇದೆ. ಯಾರು ಬರ್ತಾರೆ?

ನಿಮಗೆ ಹೆದರಿಕೆ ಆಗಲಿಲ್ವಾ ಅಂತ ಕೇಳಬೇಡಿ. ಆಯ್ತು. ಆದರೆ ಹೆದರಿಕೆ ಆದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತೆ. ಹುಟ್ಟುಗುಣ, ಏನು ಮಾಡೋದು.

ನಾನು ಉಮಾಮಹೇಶ್ವರಿ, ತುಮಕೂರು ಕೋರ್ಟಿನಲ್ಲಿ ಆಕ್ಸಿಡೆಂಟ್ ಕೇಸು ನಡೆಸುವ ಲಾಯರು. ಹೋದ ತಿಂಗಳು ಚೇಳೂರು ರಸ್ತೆಯ ಹುಣಸೆಮರಕ್ಕೆ ಈ ಕಾರು ಗುದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ಅಣ್ಣಯ್ಯಪ್ಪನ ತಮ್ಮ ರಾಮಾಂಜಿನಯ್ಯ ಸತ್ತ, ಮುಂದೆ ಕೂತಿದ್ದ ಅಣ್ಣಯ್ಯಪ್ಪ ಉಳಿದ, ಡ್ರೈವರ್ ಬೀರಯ್ಯ ಪರಾರಿಯಾದ.

ತಮ್ಮನ ಹೆಂಡತಿ ಪುಟ್ಟತಾಯಮ್ಮನನ್ನು ನನ್ನ ಆಫೀಸಿಗೆ ಕರಕೊಂಡು ಬಂದವನು ಈ ಅಣ್ಣಯ್ಯಪ್ಪನೇ. "ಇವಳ ಕೈಲಿ ನನ್ ಮೇಲೇ ಕೇಸ್ ಹಾಕ್ಸಿ ಲಾಯರಮ್ಮ. ಇನ್ಶೂರೆನ್ಸ್ ಕಂಪನಿಯೋರು ಕೊಡ್ತಾರೆ. ನನ್ ಗಂಟೇನ್ ಹೋಗ್ತದೆ?" ಅಂದ. ತನ್ನ ಮೇಲೇ ಕೇಸು ಹಾಕಿ ಅಂತ ದುಂಬಾಲು ಬಿದ್ದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಎಂಥ ಒಳ್ಳೆ ಬಾವ ಅಂತ ಕಾಫಿ ಬೇರೆ ತರಿಸಿ ಕೊಟ್ಟಿದ್ದೆ, ನನ್ನ ಬುದ್ಧಿಗಿಷ್ಟು.

ಪಾಲಿಸಿ ತೋರಿಸು ಅಂದರೆ ಮಾತ್ರ ಇವತ್ತು ನಾಳೆ ಅಂತ ತಳ್ಳುತ್ತಿದ್ದ. ಕೊನೆಗೆ ಇವತ್ತು ಗ್ಯಾರೇಜಿಗೇ ಬನ್ನಿ, ಕಾರೂ ನೋಡಿದಂಗಾಯ್ತದೆ ಅಂದಿದ್ದ. ನಾನು ಬಂದೆ. ನಾವಿಬ್ಬರೂ ಎಣಿಸದಿದ್ದ ಇನ್ನೊಬ್ಬನೂ ಬಂದ. ಇಷ್ಟು ದಿನ ದೇವರಾಯನದುರ್ಗದ ಕಾಡಲ್ಲಿ ತಲೆಮರೆಸಿಕೊಂಡಿದ್ದ ಬೀರಯ್ಯ, ಗಡ್ಡ ಬಿಟ್ಟುಕೊಂಡು, ಹೊಟ್ಟೆ ಬೆನ್ನಿಗೆ ಹತ್ತಿಕೊಂಡು ಇಲ್ಲಿ ಕೂತಿದ್ದ. ನನ್ನ ಕಾಲು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಅಣ್ಣಯ್ಯಪ್ಪ ಒಳಗೆ ಕಾಲಿಟ್ಟಿದ್ದ. ಅವನು ಕೊಟ್ಟ ಪಾಲಿಸಿ ಓದಿ, ಕಾರಿನೊಳಗೆ ಬಗ್ಗಿ ನೋಡಿ, ರಾಮಾಂಜಿನಯ್ಯನನ್ನು ಯಾರೋ ಹೊಡೆದಿದ್ದಾರೆ ಅಂದೆ, ಅಷ್ಟಕ್ಕೇ ಸ್ಪ್ಯಾನರ್ ಎತ್ತಿಕೊಂಡು ಬೀರಯ್ಯನ ಮೇಲೆ ಬಿದ್ದ.

"ಅಣ್ಣಯ್ಯಪ್ಪ, ಕಾಲು ತೆಗಿ."

ಅಲ್ಲಿವರೆಗೂ ಅವನನ್ನು ಅಣ್ಣಯ್ಯಪ್ಪನೋರೇ ಅಂತ ಕರೆಯುತ್ತಿದ್ದೆ. ಮರ್ಯಾದೆ ಅಲ್ಲಿಗೆ ಮುಗೀತು.

"ನೀವ್ ಸುಮ್ಕಿರಿ ಲಾಯರಮ್ಮ. ನನ್ ತಮ್ಮುನ್ನ ಕೊಂದವ್ನು ಇವ್ನು."

"ಇಷ್ಟು ದಿನ ಆಕ್ಸಿಡೆಂಟು ಅಂತಿದ್ದೆ?"

"ನೀವೇ ತಾನೆ ಈಗ ಹೇಳಿದ್ದು, ತಲೆ ಹಿಂದ್ಗಡೆ ಒಡ್ದದೆ, ಯಾರೋ ಹೊಡ್ದವ್ರೆ ಅಂತ. ಇನ್ಯಾರು ಹೊಡೀತಾರೆ? ಇವ್ನೇ."

ಹೌದು, ನಾನೇ ಹೇಳಿದ್ದೆ. ಅದರಲ್ಲೇನು ದೊಡ್ಡ ವಿದ್ಯೆ? ಕಾರು ಮರಕ್ಕೆ ಗುದ್ದಿದರೆ ಒಳಗಿರುವವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಣೆ ಒಡೆಯಬೇಕು, ಮೂಗು ಮುರಿಯಬೇಕು. ರಾಮಾಂಜಿನಯ್ಯನ ಹಣೆ ಮೇಲೆ ಒಂದು ಗೀರೂ ಇರಲಿಲ್ಲ ಅಂತ ಆಸ್ಪತ್ರೆ ಡಾಕ್ಟರೇ ನನಗೆ ಹೇಳಿದ್ದರು. ಬುರುಡೆ ಬಿರುಕು ಬಿಟ್ಟಿದ್ದು ಹಿಂದುಗಡೆ. ಕಾರನ್ನು ಇವತ್ತು ಒಳಗೆ ಬಗ್ಗಿ ನೋಡಿದೆ. ಮುಂದಿನ ಗಾಜು ಕೂಡ ಸೀಳಿರಲಿಲ್ಲ. ಬಂಪರ್ ಬಗ್ಗಿ, ರೇಡಿಯೇಟರ್ ಒಡೆದಿತ್ತು, ಅಷ್ಟೇ. ಹಿಂದಿನ ಸೀಟಿನ ಮೇಲ್ಗಡೆ, ಚಾವಣಿಗೆ ಹೊಡೆದ ಬಟ್ಟೆಯಲ್ಲಿ ಮಾತ್ರ ರಕ್ತ ಚಿಮ್ಮಿ ಒಣಗಿ ಕರ್ರಗಾಗಿತ್ತು. ಯಾವುದೋ ಕಬ್ಬಿಣ ಎತ್ತಿ ಎತ್ತಿ ಹೊಡೆದಿದ್ದಕ್ಕೆ ಚಿಮ್ಮಿದ ರಕ್ತ ಅದು.

"ಸುಳ್ಳು ಕಣ್ರವ್ವಾ," ಕಾರಿನಡಿಯಿಂದ ಬೀರಯ್ಯ ಉಗುಳಿ ಉಗುಳಿ ಮಾತಾಡಿದ. "ಗಾಡಿ ಬಿಸಿ ಆಗದೆ, ನೀರು ತತ್ತಾ ಅಂತ ನನ್ನ ಬಾವಿ ತಾವ್ಕೆ ಕಳ್ಸುದ್ರು. ಬರೋ ಹೊತ್ಗೆ ರಾಮಾಂಜಿನಯ್ಯ ಸೀಟಲ್ಲೇ ಒರಗ್ಬುಟ್ಟಿದ್ದ. ಸ್ಪ್ಯಾನರ್ ಯಜಮಾನ್ರ ಕೈಲಿತ್ತು. ಮರಕ್ಕೆ ಗುದ್ದು, ಇಲ್ದಿದ್ರೆ ನಿಂಗೂ ಇದೇ ಅಂದ್ರು. ಗುದ್ದುದೆ. ಓಡೋಗು, ಮುಖ ತೋರಿಸ್ಬ್ಯಾಡ ಅಂದ್ರು. ಓಡ್ದೆ."

"ಮುಚ್ಲೇ ಬಾಯ್ನ!"

ಜಾಕು ಕಿರ್ ಅಂತು. ಕಾರು ಒಂದು ಕಡೆಗೆ ವಾಲಿ ನಿಂತಿತು. ಬೀರಯ್ಯ ಕಿರುಚಿದ ಕಿರುಚಿಗೆ ಹೊರಗಿನ ಜನ ಹಿಂದಕ್ಕೆ ಸರಿದರು.

ಅವನ ಗ್ರಾಚಾರ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಕಾರಿನಲ್ಲಿ ಮೂವರಿದ್ದರು, ಒಬ್ಬ ಸತ್ತ. ಉಳಿದ ಇಬ್ಬರೂ ಅವನು ಹೊಡೆದ, ಇವನು ಹೊಡೆದ ಅಂತಾರೆ. ತೋಟದ ಯಜಮಾನನ ಮಾತು ನಂಬುತ್ತಾರೋ, ಕಾಡಲ್ಲಿ ಅವಿತಿದ್ದ ಡ್ರೈವರಿನ ಮಾತು ನಂಬುತ್ತಾರೋ? ಬೀರಯ್ಯ ಇವತ್ತು ಕಾರಿನಡಿಯಲ್ಲಿ ಉಳಿದರೂ ನಾಳೆ ನೇಣಿಗೆ ಹೋಗುತ್ತಾನೆ.

ಅವನನ್ನು ಉಳಿಸೋ ಮಾತು ಇದ್ದದ್ದು ಒಬ್ಬಳ ಹತ್ತಿರ. ಪುಟ್ಟತಾಯಮ್ಮನ ಹತ್ತಿರ.

ಮೊನ್ನೆ ಬಸ್ಸಿಗೆ ಕಾಯುವಾಗ ಅವಳು ಮೂಗು ಸೀಟುತ್ತಾ ಹೇಳಿದ್ದಳು. "ಅವತ್ತು ನಾನೂ ಕಾರಲ್ಲೇ ಹೊರಟಿದ್ದೆ ಅಕ್ಕಾ. ಗುಬ್ಬಿ ರೈಲ್ವೆ ಗೇಟ್ ತಾವ ನಮ್ ಬಾವ ಇಳಿಸ್ಬುಟ್ರು. ಸೀಟು ಖಾಲಿ ಅದೆ, ಯಾಕ್ ಬಾವಾ ಅಂದ್ರೆ, ನೀನ್ ಬಸ್ಸಲ್ಲಿ ಬಾ, ಕಾರಲ್ಲಿ ಮೂರೇ ಜನ ಇರ್ಬೇಕು ಅಂದ್ರು. ಇಳೀದೆ ಇದ್ದಿದ್ರೆ ನನ್ ಗಂಡನ ಬಾಯ್ಗೆ ನೀರಾದ್ರೂ ಬಿಡ್ತಿದ್ದೆ."

ಮೂರೇ ಜನ ಇರಬೇಕು. ಕೊಲ್ಲುವವನು ಸಾಕ್ಷಿ ಬೇಡ ಅಂತ ಇಳಿಸಿದ ಅನ್ನೋಣ. ಹಾಗಾದರೆ ಡ್ರೈವರನ್ನು ಯಾಕೆ ಇಟ್ಟುಕೊಂಡ? ಅಣ್ಣಯ್ಯಪ್ಪನಿಗೆ ಡ್ರೈವಿಂಗ್ ಚೆನ್ನಾಗಿ ಬರುತ್ತೆ. ಇಬ್ಬರೇ ಹೋಗಬಹುದಿತ್ತಲ್ಲ? ಈ 'ಮೂರು' ನನ್ನ ತಲೆ ತಿಂದಿತ್ತು. ಪೊಲೀಸರ ಮುಂದೆ ಅದೇ ಮಾತು ಹೇಳು ಅಂದಾಗ ಹೂಂ ಅಂದಿದ್ದಳು. ಕುಣಿಗಲ್ಲಿಂದ ಬಸ್ಸು ಹತ್ತಿ, ತುಮಕೂರಲ್ಲಿ ಬಸ್ಸು ಬದಲಾಯಿಸಿ ಇಲ್ಲಿಗೇ ಬರುವವಳಿದ್ದಳು.

ಅಲ್ಲಿವರೆಗೆ ಇವನ ಕಾಲು ಜಾಕಿನ ಮೇಲೇ ಇರಬೇಕು, ಒದೆಯಬಾರದು. ಮಾತಲ್ಲಿ ಹಿಡಿದಿಡಬೇಕು. ನಾನು ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿದೆ. ಬ್ಯಾಟರಿ ಇಳಿದಾಗ ಬಂಪರಿನ ತೂತಿಗೆ ತೂರಿಸಿ ತಿರುಗಿಸುತ್ತಾರಲ್ಲ, ಆ ಕಬ್ಬಿಣದ ಹ್ಯಾಂಡಲ್ಲು ಗೋಡೆಗೆ ಒರಗಿತ್ತು.

"ಅವನ ಮೇಲೆ ಕಾರು ಬೀಳಿಸಿ ನಿನಗೇನು ಬರುತ್ತೆ ಅಣ್ಣಯ್ಯಪ್ಪ?"

ಅವನು ನಿಜವಾಗಲೂ ಯೋಚನೆ ಮಾಡಿದ. ದೇವರಾಣೆ, ಯೋಚನೆ ಮಾಡಿದ.

"ಇವ್ನು ಸತ್ರೆ ಕಂಪನಿ ಕೊಡಕಿಲ್ಲ ಬುಡಿ," ಅಂದ. "ಇವ್ನು ಸೆಕೆಂಡ್ ಪಾರ್ಟಿ."

"ಏನಂದೆ?"

"ಸೆಕೆಂಡ್ ಪಾರ್ಟಿ. ಓನರ್ ನಾನು, ಫಸ್ಟು. ಸ್ಟೇರಿಂಗ್ ಹಿಡ್ದವ್ನು ಸೆಕೆಂಡು. ಹಿಂದ್ಗಡೆ ಕೂತವ್ನು ಥರ್ಡ್ ಪಾರ್ಟಿ. ಲಾಯರಾಗಿ ಅಷ್ಟೂ ಗೊತ್ತಿಲ್ವಾ? ಏಜೆಂಟು ಹೇಳುದ್ನಲ್ಲ, ಥರ್ಡ್ ಪಾರ್ಟಿ ಸತ್ರೆ ಕೋರ್ಟು ಎಷ್ಟು ಅಂತದೋ ಅಷ್ಟೂ ಕಂಪನಿ ಕಟ್ಬೇಕು ಅಂತ. ಥರ್ಡ್ ಪಾರ್ಟಿ ಪಾಲಿಸೀನೇ ಕಟ್ಟಿರೋದು ನಾನು!"

ನನಗೆ ನಗು ಬಂತು. ಅಂಥ ಹೊತ್ತಲ್ಲಿ, ಒಬ್ಬ ಮನುಷ್ಯ ಕಾರಿನಡಿ ರಕ್ತ ಕಾರುತ್ತಾ ಬಿದ್ದಿರುವಾಗ, ನನಗೆ ಕಿಸಕ್ ಅಂತ ನಗು ಬಂತು. ಮರುಕ್ಷಣವೇ ಪುಟ್ಟತಾಯಮ್ಮನ ಮಾತು ನೆನಪಾಯಿತು.

ಮೂರೇ ಜನ ಇರಬೇಕು. ಓನರು, ಡ್ರೈವರು, ಮೂರನೆಯವನು. ಇಬ್ಬರೇ ಹೋದರೆ ಮೂರನೆಯವನೇ ಇರುವುದಿಲ್ಲ. ಪುಟ್ಟತಾಯಮ್ಮನೂ ಕೂತರೆ ನಾಲ್ಕು ಜನ ಆಗಿ ಯಾರು ಥರ್ಡು ಅಂತ ತಕರಾರು ಬರುತ್ತೆ. ಅದಕ್ಕೇ ಇಳಿಸಿದ. ಒಡಹುಟ್ಟಿದ ತಮ್ಮನನ್ನು ಹಿಂದಿನ ಸೀಟಿನಲ್ಲಿ ಥರ್ಡ್ ಪಾರ್ಟಿ ಮಾಡಿ ಕೂರಿಸಿದ. ದುಡ್ಡು ಬಂದ ಮೇಲೆ ಅಕ್ಷರ ಬಾರದ ಪುಟ್ಟತಾಯಮ್ಮನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅವನಿಗೆ ಯಾವ ಮಹಾ ಕೆಲಸ.

"ಅಯ್ಯೋ ನಿನ್ನ ಮನೆ ಹಾಳಾಗ!" ಅಂದೆ. "ಫಸ್ಟ್ ಪಾರ್ಟಿ ನೀನು ಸರಿ. ಸೆಕೆಂಡ್ ಪಾರ್ಟಿ ನಿನಗೆ ಪಾಲಿಸಿ ಕೊಟ್ಟ ಕಂಪನಿ ಕಣೋ, ಡ್ರೈವರಲ್ಲ! ಥರ್ಡ್ ಪಾರ್ಟಿ ಅಂದ್ರೆ ಹೊರಗಿನವರು. ರಸ್ತೇಲಿ ನಡೆಯೋನು, ಸೈಕಲ್ ತುಳಿಯೋನು, ಎದುರು ಗಾಡಿಯೋನು."

"ಹಿಂದ್ಗಡೆ ಕೂತವ್ನು?"

"ಬಿಟ್ಟಿ ಕೂತವನಿಗೆ ನಿನ್ನ ಪಾಲಿಸೀಲಿ ಬಿಡಿಗಾಸಿಲ್ಲ. ಕಾನೂನಿಗೆ ಬೇಕೇ ಬೇಕು ಅನ್ನೋ ಕಡಿಮೆ ದುಡ್ಡಿನ ಆಕ್ಟ್ ಪಾಲಿಸಿ ನಿಂದು. ಪೊಲೀಸರು ಹಿಡಿದಾಗ ತೋರಿಸೋಕೆ ಅಂತ ತಗೊಂಡಿದ್ದೀಯ. ಕಾರು ನುಜ್ಜುಗುಜ್ಜಾದರೂ ರಿಪೇರಿ ಖರ್ಚು ನಿಂದೇ. ಒಳಗೆ ಕೂತವರಿಗೂ ಬೇಕು ಅಂದ್ರೆ ಅದಕ್ಕೇ ಅಂತ ಇನ್ನೊಂದಿಷ್ಟು ಜಾಸ್ತಿ ಕಟ್ಟಿ ಬರೆಸಬೇಕು. ನೀನು ಬರೆಸಿಲ್ಲ. ಇವತ್ತು ತಂದು ತೋರಿಸಿದೆಯಲ್ಲ, ನಾನೇ ಓದಿದೀನಿ."



"ಜಾಸ್ತಿ ಅಂದ್ರೆ... ಎಷ್ಟು?"

"ನೀನು ಒಂದು ಹೊತ್ತು ಮಿಲ್ಟ್ರಿ ಹೋಟ್ಲಲ್ಲಿ ತಿನ್ನೋಷ್ಟು."

"ಹಂಗಾರೆ ರಾಮಾಂಜಿಗೆ ಏನೂ ಬರಕಿಲ್ವಾ? ಒಂದ್ ಕಾಸೂ?"

ತಮ್ಮನ ಹೆಣದ ಮುಂದೆ ಅತ್ತಿರಲಿಲ್ಲವಂತೆ ಇವನು, ಪುಟ್ಟತಾಯಮ್ಮ ಹೇಳಿದ್ದಳು. ಈಗ ಅವನ ಕಣ್ಣಲ್ಲಿ ನೀರು ತುಂಬಿತು. ಥೂ! ನನಗೆ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಕೈ ಹಿಂದೆ ಚಾಚಿದೆ. ಹ್ಯಾಂಡಲ್ಲು ಸಿಕ್ಕಿತು.

"ಮೂರು ಜನ ಆಗಲಿ ಅಂತ ತಾನೇ ಪುಟ್ಟತಾಯಮ್ಮನ್ನ ರೈಲ್ವೆ ಗೇಟಲ್ಲಿ ಇಳಿಸಿದ್ದು?"

ಅವನ ಅಳು ನಿಂತಿತು. ತಲೆ ಎತ್ತಿ ನನ್ನನ್ನು ದುರುಗುಟ್ಟಿ ನೋಡಿದ.

"ಅವ್ಳು ಹೇಳುದ್ಲಾ?"

"ಹೇಳಿದ್ಲು. ಈಗ ಬಂದು ಎಸ್.ಐ. ಮುಂದೆಯೂ ಹೇಳ್ತಾಳೆ."

ಹೆದರುತ್ತಾನೆ ಅಂದುಕೊಂಡಿದ್ದೆ. ನಕ್ಕ.

"ಹೇಳ್ಲಿ ಬುಡಿ. ಅದೇನ್ ಹೇಳ್ತಾಳೋ ನೋಡನ."

ಅಂದವನೇ ಜಾಕಿಗೆ ಒದ್ದ.

ನಾನು ಬೀಸಿದ್ದೂ ಅದೇ ಗಳಿಗೆಯಲ್ಲಿ. ಹ್ಯಾಂಡಲ್ಲು ಅವನ ಮಂಡಿಗೆ ಬಿತ್ತು. ಕಬ್ಬು ಮುರಿದಂಥ ಸದ್ದು ಕೇಳಿತು. ಏಟು ಬಿದ್ದು ಅವನ ಒದೆ ಸೊಟ್ಟಗಾಯಿತು, ಆದರೂ ಜಾಕು ವಾಲಿತು. ಬೀರಯ್ಯ ಮೈ ತಿರುಚಿ ಆಚೆಗೆ ಉರುಳಿದ. ಎದೆ ಬಂತು, ತಲೆ ಬಂತು. ಬಲಗೈ ಬರಲಿಲ್ಲ. ಕಾರು ದಢಾರಂತ ಕೂತಿತು. ಚಕ್ರ ಬಿಚ್ಚಿದ್ದ ಕಡೆಯ ಕಬ್ಬಿಣದ ಡ್ರಮ್ಮು ಅವನ ಅಂಗೈ ಮೇಲೆ ಕೂತಿತು.

ಆ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ನಾನು ಅವನ ಕಡೆಗೆ ಓಡಿದ್ದೇ ತಪ್ಪಾಯಿತು. ಒಂದು ಕಾಲು ಮುರಿದರೂ ಅಣ್ಣಯ್ಯಪ್ಪ ತೆಂಗಿನಮರ ಹತ್ತಿ ಬೆಳೆದ ಆಳು. ತೆವಳಿಕೊಂಡು ಬಂದು ನನ್ನ ಸೀರೆ ನೆರಿಗೆ ಹಿಡಿದು ಎಳೆದ. ಬಿದ್ದೆ. ಬಾನೆಟ್ಟಿನ ಮೂಲೆ ಹುಬ್ಬಿಗೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ಅವನ ಎರಡೂ ಹೆಬ್ಬೆರಳು ನನ್ನ ಗಂಟಲಿಗೆ ಕೂತವು.

"ಒಂದ್ ಕಾಸೂ ಇಲ್ವಾ? ಅಷ್ಟೆಲ್ಲಾ ಮಾಡಿ ಒಂದ್ ಕಾಸೂ ಇಲ್ವಾ?" ಅಂತ ನನ್ನ ತಲೆಯನ್ನು ನೆಲಕ್ಕೆ ಕುಟ್ಟುತ್ತಿದ್ದ, ನಾನೇ ಕಂಪನಿ ಮ್ಯಾನೇಜರ್ ಅನ್ನೋ ಥರ.

ಕೈಗೆ ಸಿಕ್ಕಿದ್ದನ್ನೇ ಕಚ್ಚಿದೆ. ಅವನ ಮಣಿಕಟ್ಟು. ಬಾಯಿ ತುಂಬ ಉಪ್ಪುಪ್ಪು ರಕ್ತ. ಹಿಡಿತ ಸಡಿಲ ಆಯಿತು. ಮುರಿದ ಮಂಡಿಗೆ ಮತ್ತೆ ಒದ್ದೆ, ಎದ್ದು ಹ್ಯಾಂಡಲ್ಲು ತಗೊಂಡೆ. ಭುಜಕ್ಕೆ ಒಂದು ಬಿಟ್ಟೆ. ಇನ್ನೊಂದು ಬಿಡೋದಕ್ಕೆ ತಲೆ ಮೇಲೆ ಎತ್ತಿದೆ. ಅವನು ಸಾಯುತ್ತಿದ್ದನೋ ಏನೋ, ನನಗೆ ಆಗ ಅದರ ಪರಿವೆಯೇ ಇರಲಿಲ್ಲ.

"ಮೇಡಂ! ಕೈ ಇಳಿಸಿ!"

ಬಾಗಿಲಲ್ಲಿ ಎಸ್.ಐ. ಲಕ್ಷ್ಮೀನರಸಿಂಹಯ್ಯ, ಅವರ ಹಿಂದೆ ಕಾನ್‌ಸ್ಟೇಬಲ್‌ಗಳು, ಏದುಸಿರು ಬಿಡುತ್ತಾ ಆಂಜನಪ್ಪ. ಅವರಿಗೆ ಕಂಡದ್ದು ಏನು ಹೇಳಿ? ನೆಲದ ಮೇಲೆ ಕಾಲು ಮುರಿದುಕೊಂಡು ಅಳುತ್ತಿರುವ ಊರಿನ ದೊಡ್ಡಮನುಷ್ಯ. ಅವನ ಮೇಲೆ ಕಬ್ಬಿಣ ಎತ್ತಿ ನಿಂತಿರುವ, ಬಾಯೆಲ್ಲ ರಕ್ತ ಆಗಿರುವ ಹೆಂಗಸು.

"ಮೊದಲು ಕಾರು ಎತ್ತಿಸಿ!" ಅಂತ ಕೂಗಿದೆ. ನಾಲ್ಕು ಜನ ಸೇರಿ ಎತ್ತಿದರು. ಬೀರಯ್ಯನ ಕೈ ಈಚೆಗೆ ಬಂತು. ಅದನ್ನು ಕೈ ಅನ್ನೋ ಹಾಗಿರಲಿಲ್ಲ. ಆಂಜನಪ್ಪ ತನ್ನ ಟವಲ್ಲನ್ನು ಸುತ್ತುತ್ತಾ ಗೊಳೋ ಅಂತ ಅತ್ತ.

"ಸಾರ್, ಇವ್ನು ನನ್ ತಮ್ಮುನ್ನ ಕೊಂದವ್ನೆ," ಅಣ್ಣಯ್ಯಪ್ಪ ಮಲಗಿದಲ್ಲಿಂದಲೇ ಶುರು ಮಾಡಿದ. "ಹಿಡ್ಕೊಡನ ಅಂತ ಹೋದ್ರೆ ಈ ಲಾಯರಮ್ಮ ಅವ್ನ ಪರ ನಿಂತು ನನ್ ಕಾಲ್ ಮುರುದ್ಲು."

"ಸುಳ್ಳು," ಅಂದೆ. ಗಂಟಲಿಂದ ಸ್ವರ ಸರಿಯಾಗಿ ಹೊರಡಲಿಲ್ಲ. ಹೇಗೋ ಎಲ್ಲ ಹೇಳಿದೆ. ತಲೆಯ ಏಟು, ಚಾವಣಿಯ ರಕ್ತ, ಥರ್ಡ್ ಪಾರ್ಟಿಯ ಮಂಕುಬುದ್ಧಿ, ರೈಲ್ವೆ ಗೇಟು. ಎಸ್.ಐ. ಒಳ್ಳೆ ಮನುಷ್ಯ, ತಾಳ್ಮೆಯಿಂದ ಕೇಳಿದರು.

"ಆ ಹೆಂಗಸು ಇಳಿಸಿದ್ರು ಅಂತ ಹೇಳಿದ್ರೆ ಸಾಕು ಮೇಡಂ, ಇವನನ್ನ ಈಗಲೇ ಒಳಗೆ ಹಾಕ್ತೀನಿ. ಎಲ್ಲಿ ಆಕೆ?"

ಹೊರಗಿನ ಜನ ದಾರಿ ಬಿಟ್ಟರು. ಪುಟ್ಟತಾಯಮ್ಮ ಬಂದು ನಿಂತಿದ್ದಳು. ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು. ಬೀರಯ್ಯನ ಕೈ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ನನಗೆ ಹೋದ ಜೀವ ಬಂದಂತಾಯಿತು. "ಬಾಮ್ಮ, ಹೆದರಬೇಡ. ಇದ್ದದ್ದು ಇದ್ದ ಹಾಗೆ ಹೇಳು."

"ಅವತ್ತು ಕಾರಲ್ಲಿ ಯಾರ್ಯಾರು ಇದ್ರಮ್ಮ?" ಎಸ್.ಐ. ಕೇಳಿದರು.

"ನಾನೂ ಇದ್ದೆ ಸಾಮಿ."

"ರೈಲ್ವೆ ಗೇಟಲ್ಲಿ ಇಳಿದ್ರಂತೆ?"

"ಇಲ್ಲ ಸಾಮಿ. ಇಳೀಲಿಲ್ಲ. ಕೊನೇಗಂಟ ಇದ್ದೆ." ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು. "ನಮ್ ಬಾವ ನೀರು ತರಕ್ಕೆ ಬಾವಿ ತಾವ್ಕೆ ಹೋಗಿದ್ರು. ಆಗ ಬೀರಯ್ಯ ಹೊಡ್ದ. ನಾನು ಕಣ್ಣಾರೆ ಕಂಡೆ."



"ಅಕ್ಕಾ," ಬೀರಯ್ಯ ಅಂದ. ಅಷ್ಟೇ ಅಂದ.

"ಪುಟ್ಟತಾಯಿ, ಇಲ್ಲಿ ನೋಡು. ನನ್ನ ಮುಖ ನೋಡಿ ಹೇಳು."

ನೋಡಲಿಲ್ಲ. ಆಗ ನನ್ನ ಕಣ್ಣಿಗೆ ಬಿತ್ತು. ಅವಳಿಗೆ ಇನ್ನೂ ಹಾಲು ಬಿಡದ ಹೆಣ್ಣು ಕೂಸೊಂದಿದೆ, ಕೋರ್ಟಿಗೆ ಬಂದರೂ ಸೊಂಟದಿಂದ ಇಳಿಸದ ಕೂಸು. ಇವತ್ತು ಸೊಂಟ ಬರಿದಾಗಿತ್ತು. ರವಿಕೆ ಎದೆಯ ಹತ್ತಿರ ನೆನೆದು ಒದ್ದೆಯಾಗಿತ್ತು.

"ಕೂಸೆಲ್ಲಿ?"

ಉತ್ತರ ಬಂದದ್ದು ನೆಲದ ಮೇಲಿಂದ.

"ಕೂಸು ಕುಣಿಗಲ್‌ನಲ್ಲದೆ ಲಾಯರಮ್ಮ, ನಮ್ ಮಾವನ ಮನೇಲಿ. ನನ್ ಹೆಂಡ್ರು ನೋಡ್ಕೊತಾವ್ಳೆ," ಅಣ್ಣಯ್ಯಪ್ಪ ನೋವಿನಲ್ಲೂ ಹಲ್ಲು ಕಿರಿದ. "ಅಲ್ಲ್ಯಾವ ಆಕ್ಸಿಡೆಂಟೂ ಆಗಕಿಲ್ಲ ಬುಡಿ." ಪೊಲೀಸರು ಕೊಲೆ ಅಂತ ಕೇಳಿದರೆ ಹೀಗೇ ಹೇಳು ಅಂತ, ಕೂಸನ್ನು ಕಿತ್ತಿಟ್ಟುಕೊಂಡು ಅವಳಿಗೆ ಮೊದಲೇ ಬಾಯಿಪಾಠ ಮಾಡಿಸಿದ್ದ.

ಎಸ್.ಐ.ಗೆ ಅದು ಸುಮ್ಮನೆ ಮನೆಮಾತು ಅನ್ನಿಸಿರಬೇಕು. ಕಣ್ಸನ್ನೆ ಮಾಡಿದರು. ಕಾನ್‌ಸ್ಟೇಬಲ್ ಬೇಡಿ ತೆಗೆದು ಬೀರಯ್ಯನ ಬಲಗೈ ನೋಡಿದ, ಮುಖ ಕಿವುಚಿ, ಎಡಗೈಗೆ ಹಾಕಿದ.

ಅವಳು ಸುಳ್ಳು ಹೇಳ್ತಿದಾಳೆ, ಕೂಸನ್ನ ಒತ್ತೆ ಇಟ್ಕೊಂಡಿದಾರೆ ಅಂತ ಒಂದು ಮಾತು ಸಾಕು. ಆದರೆ ಗುಬ್ಬಿಯಿಂದ ಪೊಲೀಸ್ ಜೀಪು ಹೊರಟು ಕುಣಿಗಲ್ ಸೇರುವ ಮೊದಲೇ ಹೊರಗೆ ನಿಂತಿರುವ ಇವನ ಕಡೆಯವರು ಯಾರಾದರೂ ಅಲ್ಲಿಗೆ ಫೋನು ಮಾಡುತ್ತಾರೆ, ಆಮೇಲೆ ಕೂಸು ಜೀವಂತ ಸಿಗುವುದಿಲ್ಲ. ಹೇಳದಿದ್ದರೆ ಬೀರಯ್ಯ ನೇಣಿಗೆ ಹೋಗುತ್ತಾನೆ.

"ನಿಮ್ಮ ಕಕ್ಷಿದಾರಳೇ ಬೇರೆ ಹೇಳ್ತಾಳಲ್ಲ ಮೇಡಂ," ಎಸ್.ಐ. ನನ್ನ ಕಡೆ ತಿರುಗಿದರು. "ನೀವೇನು ಹೇಳ್ತೀರಿ? ಈಗಲೇ ಹೇಳಿ."

ಬಾಗಿಲಲ್ಲಿ ಬೀರಯ್ಯ ತಿರುಗಿ ನಿಂತು ನನ್ನನ್ನೇ ನೋಡುತ್ತಿದ್ದ. ಪುಟ್ಟತಾಯಮ್ಮ ಈಗ ಮೊದಲ ಸಲ ನನ್ನ ಮುಖ ನೋಡಿದಳು, ಸೆರಗಿನ ಮರೆಯಲ್ಲಿ ಎರಡೂ ಕೈ ಜೋಡಿಸಿ ಮುಗಿದಳು.